ಚಾಕಿ ಮನೆಯ ಬಿಸಿ

ನಮ್ಮ ಮನೆಯ ಹಿಂದಿನ ಕೋಣೆಗೆ ಇವತ್ತಿಗೂ ಚಾಕಿ ಮನೆ ಎಂದೇ ಹೆಸರು. ನೀವು ರಜಕ್ಕೆ ಬಂದಾಗ ಚಾಪೆ ಹಾಸಿಕೊಂಡು ಒಬ್ಬರನ್ನೊಬ್ಬರು ಒದೆಯುತ್ತಾ ಮಲಗುವ ಕೋಣೆ ಅದೇ. ಮೊಟ್ಟೆಯಿಂದ ಹೊರಬಂದ ರೇಷ್ಮೆ ಮರಿಗಳನ್ನು ಮೊದಲ ಕೆಲವು ದಿನ ಬೆಚ್ಚಗೆ ಸಾಕುವುದಕ್ಕೆ ಚಾಕಿ ಎನ್ನುತ್ತೇವೆ. ನಿಮ್ಮ ತಾತ ಇದ್ದಾಗ ಮರಿಗಳನ್ನು ಆ ಕೋಣೆಯಲ್ಲೇ ಸಾಕುತ್ತಿದ್ದೆವು. ಈಗ ಎಲ್ಲರೂ ರೇಷ್ಮೆ ಬೆಳೆಗಾರರ ಸಂಘದ ಚಾಕಿ ಕೇಂದ್ರದಿಂದ ತರುತ್ತಾರೆ, ದೊಡ್ಡ ಹುಳುವಿಗೆ ತೋಟದಲ್ಲೇ ಬೇರೆ ಮನೆ ಕಟ್ಟಿದ್ದೇವೆ. ಹಾಗಾಗಿ ಈ ಕೋಣೆ ಖಾಲಿ. ಮಣ್ಣಿನ ಗೋಡೆ, ಮೇಲೆ ತಗಡಿನ ಶೀಟು, ಒಂದೇ ಒಂದು ಸಣ್ಣ ಕಿಟಕಿ.

ಈ ಕೋಣೆಯ ವಿಷಯವಾಗಿ ನಮ್ಮೂರಿನಲ್ಲಿ ದೊಡ್ಡ ಮಾತಾಯಿತು. ನಿಮ್ಮ ಕಿವಿಗೂ ಅರ್ಧಂಬರ್ಧ ಬಿದ್ದಿರಬಹುದು. ನಾಲ್ಕು ಜನರ ಮುಂದೆ ಮಾತಾಡಲು ಹೋದರೆ ನನಗೆ ಹೇಳಬೇಕಾದ್ದೇ ಮರೆತುಹೋಗುತ್ತದೆ, ನಿಮ್ಮ ಮುಂದೆ ಕೂಡ. ಬರೆಯುವುದಾದರೆ ಊರ ಶಾಲೆಯ ಮೇಷ್ಟ್ರು ಕಲಿಸಿದ್ದು ಇನ್ನೂ ಕೈಯಲ್ಲಿದೆ. ಯಾರ ಹೆಸರನ್ನೂ ಹಾಕಿಲ್ಲ. ಆ ಜನರೆಲ್ಲ ನಮ್ಮ ಬೀದಿಯಲ್ಲೇ ಇದ್ದಾರೆ, ದಿನಾ ಮುಖ ನೋಡಬೇಕಾದವರು.

ನನ್ನ ಕಿರಿಯ ಮಗಳನ್ನು ಗೌರಿಬಿದನೂರಿಗೆ ಕೊಟ್ಟಿದ್ದೇವೆ. ಅವಳಿಗೆ ಮೊದಲು ಎರಡು ಮಕ್ಕಳು ಹುಟ್ಟಿ ಹೋದವು. ಎರಡು ಸಲವೂ ಬಾಣಂತನ ನಮ್ಮಲ್ಲೇ. ಎರಡು ಸಲವೂ ಊರೆಲ್ಲ ಬಂದು ನೋಡಿತು. ಕುಲಾವಿ ತಂದರು, ಮೂಗು ಯಾರದು, ಬಣ್ಣ ಯಾರದು ಎಂದು ಮಾತಾಡಿದರು, ಎಲೆ ಅಡಿಕೆ ಹಾಕಿಕೊಂಡು ಹೋದರು. ಆಮೇಲೆ ಅದೇ ಜನ ತಿರುಗಿ ಬಂದರು, ಮಗುವನ್ನು ಕಳೆದುಕೊಂಡವಳನ್ನು ಮಾತಾಡಿಸಲು. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ಪ್ರತಿಯೊಬ್ಬರಿಗೂ ಅವಳು ಮೊದಲಿನಿಂದ ಹೇಳಬೇಕಾಗುತ್ತಿತ್ತು, ಯಾವಾಗ ಜ್ವರ ಬಂತು, ಯಾವಾಗ ಹಾಲು ಬಿಟ್ಟಿತು ಎಂದು. ಗೋಡೆಗೆ ಒರಗಿ ಕೂತು ಹೇಳುತ್ತಿದ್ದ ಅವಳ ದನಿ ಈಗಲೂ ನನಗೆ ಕೇಳಿಸುತ್ತದೆ.

ಮೂರನೆಯ ಬಸುರಿನ ಸುದ್ದಿಯನ್ನು ಊರಿಗೆ ಹೇಳಿರಲಿಲ್ಲ. ಮಗು ದಿನ ತುಂಬುವ ಮುಂಚೆಯೇ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹುಟ್ಟಿತು. ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ಈಗ ನನ್ನ ಕನ್ನಡಕ ಕಿತ್ತುಕೊಂಡು ಓಡುತ್ತಾಳಲ್ಲ, ಅವಳೇ. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದು, ತೂಕ ಸ್ವಲ್ಪ ಏರಿದ ಮೇಲೆ ಮನೆಗೆ ಕಳಿಸಿದರು. ಎದೆಗೆ ಅಪ್ಪಿಕೊಂಡೇ ಇರಬೇಕು, ಕೋಣೆ ಬೆಚ್ಚಗಿರಬೇಕು, ಹೊಗೆ ಬೇಡ, ಜನ ಸೇರಿಸಬೇಡಿ ಎಂದು ಡಾಕ್ಟರಮ್ಮ ಹೇಳಿದರು. ಅಳಿಯನ ಮನೆ ಅಂಗಡಿ ಬೀದಿಯಲ್ಲಿದೆ, ಬೆಳಗಾದರೆ ಹೋಗುವವರು ಬರುವವರು. ಅದಕ್ಕೇ ಅಳಿಯ ಕಾರು ಮಾಡಿಕೊಂಡು ದೀಪ ಹಚ್ಚುವ ಹೊತ್ತಿಗೆ ನಮ್ಮಲ್ಲಿಗೆ ಕರೆತಂದು ಬಿಟ್ಟರು. ಬರುವಾಗ ದಾರಿಯಲ್ಲಿ, ಮಗುವನ್ನು ರವಿಕೆಯೊಳಗೆ ಸೇರಿಸಿಕೊಂಡು ನನ್ನ ಪಕ್ಕ ಕೂತಿದ್ದ ಮಗಳು ಹೇಳಿದಳು:

"ಅಮ್ಮಾ, ಈ ಸಲ ಊರಲ್ಲಿ ಯಾರಿಗೂ ಹೇಳ್ಬೇಡ."

"ಆಗ್ಲಿ ಕಣಮ್ಮ, ಸ್ವಲ್ಪ ದಿನ ಹೇಳಲ್ಲ."

"ಸ್ವಲ್ಪ ದಿನ ಅಲ್ಲ. ಉಳಿದ್ರೆ ನಾನೇ ಹೇಳ್ತೀನಿ. ಉಳೀದೆ ಇದ್ರೆ ಯಾರೂ ಬಂದು ಕೇಳೋದು ಬೇಡ. ಒಂದು ಸಲ ಆದ್ರೂ ನಮ್ಮ ಪಾಡಿಗೆ ನಾವು ಅಳಣ."

ಆ ಮಾತಿಗೆ ನಾನು ಹೂಂ ಅಂದೆ. ಅಷ್ಟೇ ನನ್ನ ಪಾಲಿನ ಕೆಲಸ, ಆ ಹೂಂ ಉಳಿಸಿಕೊಳ್ಳುವುದು.

ಚಾಕಿ ಮನೆಯನ್ನು ತೊಳೆದು, ಹುಳುವಿಗೆಂದು ತಂದಿಟ್ಟಿದ್ದ ಕರೆಂಟಿನ ಹೀಟರನ್ನು ಅಲ್ಲಿಗೇ ಹಾಕಿದೆವು. ಚಳಿಗಾಲ, ಶೀಟಿನ ಮನೆ, ಹಗಲೂ ರಾತ್ರಿ ಅದು ಉರಿಯಲೇಬೇಕು. ಮಗುವಿನ ಬಟ್ಟೆಯನ್ನು ಹೊರಗೆ ಒಣಗಿಸದೆ ಕೋಣೆಯೊಳಗೇ ಹಗ್ಗ ಕಟ್ಟಿದೆವು. ಅತ್ತರೂ ಬೆಕ್ಕಿನ ಮರಿಯಷ್ಟೇ ದನಿ, ಬೀದಿಗೆ ಕೇಳುತ್ತಿರಲಿಲ್ಲ. ಮಗ ಹಾಲಿನ ಡೈರಿಗೆ ಕೆಲಸಕ್ಕೆ ಹೋಗುತ್ತಾನೆ, ಸೊಸೆ ತೋಟ ನೋಡಿಕೊಳ್ಳುತ್ತಾಳೆ. ಬಾಗಿಲು ಕಾಯುವವಳು ನಾನು.

ಅದೇ ಹೊತ್ತಿನಲ್ಲಿ ಊರಿನಲ್ಲಿ ಇನ್ನೊಂದು ಕಟ್ಟುಪಾಡಿತ್ತು. ಅದರ ಹಿಂದಿನ ಬೆಳೆಗೆ ಹಾಲು ರೋಗ ಬಂದು ಎಲ್ಲರ ಮನೆಯಲ್ಲೂ ಹುಳು ಊದಿಕೊಂಡು ಸತ್ತಿದ್ದವು. ಸಂಘದವರು ಸೇರಿ ತೀರ್ಮಾನ ಮಾಡಿದರು: ಎಲ್ಲರೂ ಹುಳುಮನೆಗೆ ಬ್ಲೀಚಿಂಗ್ ಪೌಡರು, ಸುಣ್ಣ ಹೊಡೆದು ಬಾಗಿಲು ಹಾಕಬೇಕು, ಅಧ್ಯಕ್ಷರು ಹೇಳುವವರೆಗೆ ಯಾರೂ ಮರಿ ತರಬಾರದು. ಒಬ್ಬರ ಮನೆಯಲ್ಲಿ ಹುಳು ಇದ್ದರೂ ರೋಗ ಅಲ್ಲೇ ಉಳಿದು ಮತ್ತೆ ಎಲ್ಲರಿಗೂ ಹಬ್ಬುತ್ತದೆ. ಕದ್ದು ಸಾಕಿದವರಿಗೆ ಒಂದು ವರ್ಷ ಸಂಘದಿಂದ ಮರಿ ಇಲ್ಲ. ನಿಮ್ಮ ತಾತ ಹೋದ ಮೇಲೆ ಪಹಣಿಯೂ ಸಂಘದ ಸದಸ್ಯತ್ವವೂ ನನ್ನ ಹೆಸರಿಗೆ ಆಗಿದ್ದರಿಂದ, ಆ ತೀರ್ಮಾನಕ್ಕೆ ನಾನೂ ಕೈ ಎತ್ತಿದ್ದೆ.

ಆಮೇಲೆ ಒಂದು ದಿನ, ತೋಟ ನೋಡಲು ಸಂಘದವರು ಕರೆಸಿದ್ದ ಕಂಪನಿಯೊಂದರ ಹುಡುಗರು ಡ್ರೋನು ತಂದರು. ಅದರ ಹೊಟ್ಟೆಯಲ್ಲಿ ಬಿಸಿ ನೋಡುವ ಕ್ಯಾಮೆರಾ. ಹಿಪ್ಪುನೇರಳೆ ತೋಟದಲ್ಲಿ ಎಲ್ಲಿ ನೀರು ಸಾಲದು, ಎಲ್ಲಿ ಡ್ರಿಪ್ ಪೈಪು ಒಡೆದಿದೆ ಎಂದು ಅದರಲ್ಲಿ ಕಾಣುತ್ತದಂತೆ. ಬಿಸಿಲು ಬಿದ್ದರೆ ಎಲ್ಲವೂ ಬಿಸಿಯಾಗುತ್ತದೆಂದು ಬೆಳಗಿನ ಚಳಿಯಲ್ಲೇ ಹಾರಿಸಿದರು. ಸಾಯಂಕಾಲ ಡೈರಿ ಕಟ್ಟಡದಲ್ಲಿ ಸಂಘದವರನ್ನೆಲ್ಲ ಕೂರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟರು. ತಣ್ಣಗಿರುವುದು ನೀಲಿ, ಬೆಚ್ಚಗಿರುವುದು ಹಳದಿ, ಬಿಸಿಯಾಗಿರುವುದು ಬಿಳಿ. ಮೊದಲು ತೋಟಗಳನ್ನು ತೋರಿಸಿದರು. ಎಲ್ಲರೂ ತಮ್ಮ ತಮ್ಮ ಬದು ಗುರುತು ಹಿಡಿದು ಖುಷಿಪಟ್ಟರು. ಡ್ರೋನು ತಿರುಗಿ ಬರುವಾಗ ಊರ ಮೇಲೆ ಹಾರಿ ಬಂದಿತ್ತು. ಚಿತ್ರದ ಆ ಭಾಗವನ್ನು ತೆಗೆದುಹಾಕಬೇಕೆಂದು ಆ ಹುಡುಗರಿಗೆ ಹೊಳೆದಿರಲಿಲ್ಲ. ನೋಡಬಾರದೆಂದು ನಮಗೂ ಹೊಳೆಯಲಿಲ್ಲ.

"ಅದ್ಯಾರ ಮನೆಯೋ, ಕೋಳಿ ಕೂಗೋ ಮುಂಚೇನೇ ಒಲೆ ಹಚ್ಚವ್ರೆ!"

"ನಮ್ದೇ ಕಣೋ, ಸ್ನಾನದ ಹಂಡೆ."

"ಓಹೋ, ನೀನು ದಿನಾ ಸ್ನಾನ ಮಾಡ್ತೀಯಾ? ಕ್ಯಾಮೆರಾ ಬಂದಿದ್ದಕ್ಕೆ ಗೊತ್ತಾಯ್ತು ನೋಡು!"

ಎಲ್ಲರೂ ನಕ್ಕರು. ನಾನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಮುಂದೆ ಒಂದು ತಾರಸಿಯ ಮೇಲೆ ಉದ್ದಕ್ಕೆ ಮನುಷ್ಯನ ಆಕಾರ ಹಳದಿಯಾಗಿ ಕಂಡಿತು.

"ಈ ಚಳೀಲಿ ಮಾಳಿಗೆ ಮೇಲೆ ಮಲಗವ್ನೆ ಅಂದ್ರೆ, ಒಳಗೆ ಏನೋ ಆಗಿದೆ ಕಣ್ರೋ!"

ಆ ಮನೆಯ ಗಂಡಸು ಮುಂದಿನ ಸಾಲಿನಲ್ಲೇ ಕೂತಿದ್ದ. ಅವನು ತಲೆ ಎತ್ತಲಿಲ್ಲ. ನನಗೆ ನಗು ಅಲ್ಲಿಗೇ ನಿಂತಿತು. ಅಷ್ಟರಲ್ಲಿ ಚಿತ್ರ ಇನ್ನೊಂದು ಸಾಲು ಮನೆಗಳ ಮೇಲೆ ಸರಿಯಿತು. ನಮ್ಮ ಮನೆ ಹೆಂಚು ನೀಲಿ, ದನದ ಕೊಟ್ಟಿಗೆ ಸ್ವಲ್ಪ ಹಳದಿ, ಹಿಂದಿನ ಶೀಟು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

ಬೇರೆ ಊರಾಗಿದ್ದರೆ ಆ ಬಿಳುಪು ನೋಡಿ ಏನೆಂದುಕೊಳ್ಳುತ್ತಿದ್ದರೋ. ನಮ್ಮ ಕಡೆ, ಶೀಟಿನ ಕೋಣೆಯೊಂದನ್ನು ಮುಚ್ಚಿಕೊಂಡು ಹಗಲೂ ರಾತ್ರಿ ಕಾಯಿಸುತ್ತಾರೆಂದರೆ ಅದು ಒಂದಕ್ಕೇ, ರೇಷ್ಮೆ ಮರಿಗೆ.

"ಅದು ನಿಮ್ಮ ಚಾಕಿ ಮನೆ ಅಲ್ವಾ ಅತ್ತಿಗೆ?" ಅಧ್ಯಕ್ಷರು ತಿರುಗಿ ಕೇಳಿದರು. ಅವರು ನಿಮ್ಮ ತಾತನ ಜೊತೆ ಬೆಳೆದವರು, ನನ್ನನ್ನು ಅತ್ತಿಗೆ ಎಂದೇ ಕರೆಯುವುದು.

ನಾನು ಎದ್ದು ಮನೆಗೆ ಬಂದೆ. ನಾನು ಬರುವಷ್ಟರಲ್ಲಿ ಆ ಚಿತ್ರ ಊರಿನ ಎಲ್ಲರ ಫೋನಿಗೂ ಬಂದಿತ್ತು, ಮಗನ ಫೋನಿಗೂ.

"ಹೇಳ್ಬಿಡಣ ಬಿಡಮ್ಮ," ಎಂದ ಮಗ. "ಮಗು ಇದೆ ಅಂದ್ರೆ ಮುಗೀತು. ಕಳ್ಳರ ಥರ ಯಾಕಿರಬೇಕು?"

ಮಗಳು ಕೋಣೆಯೊಳಗಿಂದ ಎಲ್ಲ ಕೇಳಿಸಿಕೊಂಡಳು. ಬಾಗಿಲ ಸಂದಿಯಿಂದ ನನ್ನ ಮುಖ ನೋಡಿದಳು. "ನಿನ್ನಿಷ್ಟ ಅಮ್ಮ" ಎಂದಳು. ಅವಳ ಇಷ್ಟ ಏನೆಂದು ಕಾರಿನಲ್ಲೇ ಹೇಳಿದ್ದಳಲ್ಲ. ಆ ದಿನ ಮಗುವಿಗೆ ಹಾಲು ಕುಡಿಯಲು ಶಕ್ತಿ ಸಾಲದೆ ಚಮಚದಲ್ಲಿ ಹಾಕುತ್ತಿದ್ದೆವು. ಹೇಳಿದರೆ ಮಾರನೇ ದಿನವೇ ಅಂಗಳದಲ್ಲಿ ಇಪ್ಪತ್ತು ಜೊತೆ ಚಪ್ಪಲಿ. ನಾನು ಮಗನಿಗೆ ಬೇಡ ಎಂದೆ.

ಬೆಳಿಗ್ಗೆ ಅಧ್ಯಕ್ಷರು ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಮಗ ಡೈರಿಗೆ ಹೋಗಿದ್ದ. ನಾನು ನಡುಮನೆ ದಾಟಿ ಹೋಗಿ ಚಾಕಿ ಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಒಂದ್ಸಲ ಬಾಗಿಲು ತೆಗೀರಿ. ನೋಡ್ಕೊಂಡು ಹೋಗ್ತೀವಿ."

"ಒಳಗೆ ಹುಳು ಇಲ್ಲಪ್ಪ."

"ಮತ್ತೆ ಏನಿದೆ?"

"ಅದನ್ನ ಹೇಳಲ್ಲ."

ಜೊತೆಗೆ ಬಂದವರಲ್ಲಿ ಒಬ್ಬ ನಕ್ಕ. "ಏನಿಲ್ಲ ಅಂದ್ಮೇಲೆ ತೋರಿಸೋಕೇನು? ಬಚ್ಚಿಡೋ ಅಂಥದ್ದು ಏನಿದೆ?"

ನೀವು ಪೇಟೆಯಲ್ಲಿ ಬೆಳೆಯುತ್ತಿರುವವರು, ಇದೊಂದು ಗೊತ್ತಿರಲಿ. ಹುಳು ಸಾಕುವ ಮನೆಗೆ ಹೊರಗಿನವರು ಕಾಲಿಡುವುದಿಲ್ಲ. ಅವರ ಕಾಲಿನ ಧೂಳಿನಲ್ಲಿ ರೋಗ ಬರುತ್ತದೆ, ಕಣ್ಣಿನಲ್ಲಿ ದೃಷ್ಟಿ ಬರುತ್ತದೆ ಎಂದು ಎರಡನ್ನೂ ನಂಬುವವರು ನಾವು. ಸ್ವಂತ ಅಣ್ಣತಮ್ಮಂದಿರೇ ಆದರೂ ಹೊಸಿಲಾಚೆ ನಿಂತೇ ಮಾತಾಡುವುದು. ಹಾಲು ರೋಗ ಬಂದ ಮೇಲಂತೂ ಅಧ್ಯಕ್ಷರೇ ಇದನ್ನು ಮತ್ತೆ ಮತ್ತೆ ಹೇಳಿದ್ದರು. ಅದು ನೆನಪಿಗೆ ಬಂದು, ನಾನು ಹೆಚ್ಚು ಯೋಚಿಸದೆ ಹೇಳಿಬಿಟ್ಟೆ:

"ನೋಡಪ್ಪ, ಒಳಗೆ ಹುಳು ಇದೆ ಅಂತ ನೀವು ನಂಬಿದ್ರೆ, ನೀವು ಒಳಗೆ ಬರೋ ಹಾಗಿಲ್ಲ. ಇಲ್ಲ ಅಂತ ನಂಬಿದ್ರೆ, ಬರೋ ಕೆಲ್ಸ ಇಲ್ಲ."

ಅಧ್ಯಕ್ಷರು ಮುಂದಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಐವತ್ತು ವರ್ಷದ ಅಭ್ಯಾಸ, ಕಾಲು ತಾನಾಗಿ ನಿಂತಿತು. "ಸರಿ, ಮೀಟಿಂಗಲ್ಲಿ ಮಾತಾಡಣ" ಎಂದು ಹೊರಟರು. ಅವರು ಬೀದಿ ದಾಟಿದ ಮೇಲೆ ನಾನು ಒಳಗೆ ಹೋಗಿ ಹೀಟರು ಉರಿಯುತ್ತಿದೆಯೇ ಎಂದು ನೋಡಿದೆ.

ನನ್ನ ಅಣ್ಣನ ಮಗಳು ಚಿಂತಾಮಣಿ ಕೋರ್ಟಿನಲ್ಲಿ ಲಾಯರು. ಸೊಸೆ ಅವಳಿಗೆ ಫೋನು ಹಚ್ಚಿಕೊಟ್ಟಳು. ಅವಳಿಗೂ ಮಗುವಿನ ವಿಷಯ ಹೇಳದೆ, ಕೋಣೆ, ಬಿಸಿ, ಕ್ಯಾಮೆರಾ ಇಷ್ಟನ್ನೇ ಹೇಳಿದೆ.

"ಅತ್ತೆ, ಮನೆಯೊಳಗಿನ ಬದುಕು ಮನೆಯವರದು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟೇ ಹೇಳಿದೆ," ಎಂದಳು. "ಪೊಲೀಸರು ಬಂದ್ರೂ ಸುಮ್ಮನೆ ನುಗ್ಗೋ ಹಾಗಿಲ್ಲ, ಕಾನೂನು ಏನು ಹೇಳುತ್ತೋ ಆ ಕ್ರಮದಲ್ಲೇ ಬರ್ಬೇಕು. ಸಂಘದವರಿಗೆ ಆ ಅಧಿಕಾರಾನೇ ಇಲ್ಲ."

"ಅವರು ಒಳಗೆ ಬಂದಿಲ್ಲಮ್ಮ. ಮೇಲಿಂದ ನೋಡಿದ್ದು."

ಇಂಥದ್ದು ನಮ್ಮ ಕೋರ್ಟುಗಳಿಗೆ ಬಂದದ್ದು ತನಗೆ ಗೊತ್ತಿಲ್ಲ ಎಂದಳು. ಅಮೆರಿಕದಲ್ಲಿ ಹಿಂದೊಮ್ಮೆ ಪೊಲೀಸರು ಬೀದಿಯಲ್ಲಿ ನಿಂತು ಇಂಥದೇ ಕ್ಯಾಮೆರಾದಲ್ಲಿ ಒಂದು ಮನೆಯ ಬಿಸಿ ನೋಡಿದ್ದರಂತೆ, ಒಳಗೆ ದೀಪ ಉರಿಸಿ ಗಾಂಜಾ ಬೆಳೆಯುತ್ತಿದ್ದಾರೆಂಬ ಅನುಮಾನಕ್ಕೆ. ಗೋಡೆ ಮುಟ್ಟದಿದ್ದರೂ ಅದು ಮನೆ ಹೊಕ್ಕು ಹುಡುಕಿದ ಹಾಗೆಯೇ, ಕೋರ್ಟಿನ ಅಪ್ಪಣೆ ಇಲ್ಲದೆ ಮಾಡಬಾರದು ಎಂದು ಅಲ್ಲಿನ ದೊಡ್ಡ ಕೋರ್ಟು ಹೇಳಿತಂತೆ. ಇಲ್ಲಿ ಜನರ ಮಾಹಿತಿ ಕಾಪಾಡಲು ಹೊಸ ಕಾಯ್ದೆ ಬಂದಿದೆ, ಅದರ ನಿಯಮಗಳು ಆಗಿನ್ನೂ ಬಂದಿರಲಿಲ್ಲ. ಮರೆಯಲ್ಲಿರುವ ಹೆಂಗಸಿನ ಫೋಟೋ ತೆಗೆದರೆ ಅಪರಾಧ, ಆದರೆ ಬಿಸಿ ಶೀಟಿನ ಫೋಟೋ ಹೆಂಗಸಿನ ಫೋಟೋ ಎಂದು ವಾದ ಮಾಡುವುದು ಕಷ್ಟ. ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ನೋಟೀಸು ಕಳಿಸ್ಲಾ ಅತ್ತೆ?"

"ಬೇಡಮ್ಮ, ಅದೇ ಊರಲ್ಲಿ ಬಾಳ್ಬೇಕು. ಒಳಗೆ ಏನಿದೆ ಅಂತ ಕೇಳ್ತಾರೆ, ಅದಕ್ಕೇನು ಕಾರಣ ಹೇಳ್ಲಿ?"

"ಕಾರಣ ಹೇಳ್ಬೇಕಾಗಿಲ್ಲ. ಕಾರಣ ಹೇಳೋ ಹಾಗಿದ್ರೆ ಅದು ಹಕ್ಕು ಹೆಂಗಾಗುತ್ತೆ? ನನಗೂ ನೀವು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ, ಅಲ್ವಾ?"

ಮೀಟಿಂಗಿಗೆ ಮಗನೂ ಬಂದ, ಆದರೆ ಸದಸ್ಯಳು ನಾನು. ಯಾವಾಗಲೂ ಗೋಡೆ ಬದಿಗೆ ಕೂರುವವಳನ್ನು ಮುಂದಕ್ಕೆ ಕೂರಿಸಿದರು. ಒಳಗೆ ಹುಳು ಇಲ್ಲ, ಏನಿದೆ ಎಂದು ಹೇಳುವುದಿಲ್ಲ, ಬಾಗಿಲು ತೆಗೆಯುವುದಿಲ್ಲ ಎಂದು ಮತ್ತೆ ಹೇಳಿದೆ. ಗಲಾಟೆಯಾಯಿತು. ಹಿಂದಿನ ಸಾಲಿನಿಂದ ಒಬ್ಬ ಕೂಗಿದ:

"ಹಂಗಾದ್ರೆ ನಾವೂ ನಾಳೆ ಬಾಗಿಲು ಹಾಕ್ಕೊಂಡು ಚಾಕಿ ಮಾಡ್ತೀವಿ, ಕೇಳ್ದವರಿಗೆ ಹೇಳಲ್ಲ ಅಂತೀವಿ!"

ಅವನು ಹೇಳಿದ್ದರಲ್ಲೂ ನ್ಯಾಯವಿತ್ತು. ಅವನ ಮನೆಯ ಹುಳುವೂ ಸತ್ತಿತ್ತಲ್ಲ. ಆಗ ನಮ್ಮ ಪಕ್ಕದ ಮನೆಯವಳು ಎದ್ದಳು. ಅವಳದು ತೆಲುಗು ಮನೆಮಾತು, ನಾವಿಬ್ಬರೂ ಒಬ್ಬರನ್ನೊಬ್ಬರು ವದಿನ, ಅಂದರೆ ಅತ್ತಿಗೆ, ಎಂದು ಕರೆಯುತ್ತೇವೆ.

"ವದಿನ ಮನೇಲಿ ಹುಳು ಇಲ್ಲ, ನಾನು ಹೇಳ್ತೀನಿ."

"ನೀನು ಒಳಗೆ ಹೋಗಿ ನೋಡಿದ್ಯೇನಮ್ಮ?" ಎಂದರು ಅಧ್ಯಕ್ಷರು.

"ಇಲ್ಲ."

"ಮತ್ತೆ?"

"ಹುಳು ಏನು ಗಾಳಿ ತಿನ್ನುತ್ತಾ ಅಣ್ಣ? ಸೊಪ್ಪು ಬೇಡ್ವಾ? ಅವರ ತೋಟ ನಮ್ಮ ತೋಟದ ಪಕ್ಕಾನೇ ಇದೆ. ಒಂದು ಎಲೆ ಕಿತ್ತಿಲ್ಲ."

"ಮರಿಗೆ ಎಷ್ಟು ಸೊಪ್ಪು ಬೇಕು? ಒಂದು ಪುಟ್ಟಿ."

"ಇವತ್ತು ಒಂದು ಪುಟ್ಟಿ. ಬೆಳೆದ ಮೇಲೆ? ಗಾಡಿಗಟ್ಟಲೆ ಬೇಡುತ್ತೆ. ಎಲ್ಲಿ ಬಚ್ಚಿಡ್ತಾರೆ? ಕಾಯ್ರಿ ಸ್ವಲ್ಪ, ತಾನೇ ಗೊತ್ತಾಗುತ್ತೆ."

ಅಲ್ಲಿ ಕೂತಿದ್ದವರೆಲ್ಲ ಹುಳು ಸಾಕಿದವರೇ, ಇದು ಯಾರಿಗೂ ಹೊಸದಲ್ಲ. ಗೋಡೆಯ ಮೇಲಿನ ಚಿತ್ರ ನೋಡಿದ ಮೇಲೆ ಯಾರೂ ತೋಟದ ಕಡೆ ನೋಡಿರಲಿಲ್ಲ, ಅಷ್ಟೇ. ಅಧ್ಯಕ್ಷರಿಗೆ ಸಮಾಧಾನವಾದಂತೆ ಕಂಡಿತು. ಅಷ್ಟರಲ್ಲಿ ಡ್ರೋನಿನ ಹುಡುಗ ಉಪಕಾರ ಮಾಡುವವನಂತೆ ಹೇಳಿದ, "ಸರ್, ನಾಳೆ ಆ ಮನೆ ಮೇಲೆ ಇನ್ನೊಂದ್ಸಲ ಹಾರಿಸ್ತೀನಿ. ಕಿಟಕಿ ಪಕ್ಕ ಇಳಿಸಿದ್ರೆ ಪೂರ್ತಿ ಕ್ಲಿಯರ್ ಆಗುತ್ತೆ."

"ಬೇಡ," ಎಂದೆ. ದನಿ ನನಗೇ ಜೋರಾಗಿ ಕೇಳಿಸಿತು. "ಕಾಯ್ರಿ ಅಂದ್ರೆ ಕಾಯ್ತೀರಿ, ನಾನೂ ಒಪ್ತೀನಿ. ತೋಟ ನೋಡಿ, ಎಷ್ಟು ಬೇಕಾದ್ರೂ ನೋಡಿ. ನನಗೆ ಕೊನೇಲಿ ಮರಿ ಕೊಡಿ. ಮನೆ ಮೇಲೆ ಮಾತ್ರ ಹಾರಿಸ್ಬೇಡಿ. ನಮ್ಮ ಮನೆ ಮೇಲೂ ಬೇಡ, ಯಾರ ಮನೆ ಮೇಲೂ ಬೇಡ."

ತಾರಸಿಯ ಮೇಲೆ ಮಲಗಿದ್ದನಲ್ಲ, ಅವನು ಮೊದಲು ಕೈ ಎತ್ತಿದ. "ನಂದೂ ಅದೇ ಮಾತು" ಎಂದ. ಅವನ ಹಿಂದೆ ಹೆಂಗಸರು ಒಬ್ಬೊಬ್ಬರಾಗಿ ಎತ್ತಿದರು. ಊರಿನ ಮೇಲೆ ತೆಗೆದ ಚಿತ್ರವನ್ನು ಎಲ್ಲರೂ ಫೋನಿನಿಂದ ತೆಗೆದುಹಾಕಬೇಕು, ಇನ್ನು ಮೇಲೆ ಡ್ರೋನು ಕೆರೆ ಕಡೆಯಿಂದ ಸುತ್ತಿ ಬರಬೇಕು, ನಮಗೆ ಮರಿ ಕೊನೆಯ ಸರದಿಯಲ್ಲಿ ಎಂದು ತೀರ್ಮಾನವಾಯಿತು. ಎಲ್ಲರೂ ತೆಗೆದರೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳಲೂ ಹೋಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ವದಿನ ಬೇರೆ ಏನೇನೋ ಮಾತಾಡಿದಳು, ಹಸು ಗಬ್ಬವಾಗಿದೆ, ಬಸ್ಸು ಸಿಗದೆ ಕೈವಾರಕ್ಕೆ ಹೋಗುವುದು ತಪ್ಪಿತು ಎಂದೆಲ್ಲ. ಅವಳ ಮನೆ ಬಾಗಿಲಿಗೆ ಬಂದಾಗ, ನನ್ನ ಮುಖ ನೋಡದೆ, "ನಮ್ಮ ಹಿತ್ತಲಲ್ಲಿ ಸಬ್ಬಸಿಗೆ ಸೊಪ್ಪು ಚೆನ್ನಾಗಿ ಬಂದಿದೆ ವದಿನ, ಬೇಕಾದ್ರೆ ಕಿತ್ಕೋ" ಎಂದಳು. ಬಾಣಂತಿಗೆ ಹಾಲು ಹೆಚ್ಚಲೆಂದು ನಾವು ಸಬ್ಬಸಿಗೆ ಕೊಡುತ್ತೇವೆ. ಆಗ ನನಗೆ ಗೊತ್ತಾಯಿತು, ಇವಳಿಗೆ ಎಂದೋ ತಿಳಿದಿದೆ. ಗೋಡೆಗೆ ಗೋಡೆ ಸೇರಿದ ಮನೆ. ಬಾಣಂತಿ ಖಾರದ ವಾಸನೆ, ಬೆಳ್ಳುಳ್ಳಿ ಹುರಿಯುವ ವಾಸನೆ ಹೋಗದೆ ಇರುತ್ತದೆಯೇ? ಮೀಟಿಂಗಿನಲ್ಲಿ ಒಂದು ಮಾತಲ್ಲಿ ನನ್ನನ್ನು ಬಿಡಿಸಬಹುದಿತ್ತು. ಆ ಮಾತನ್ನು ಬಿಟ್ಟು ಸೊಪ್ಪಿನ ಮಾತಾಡಿದಳು. ನಾನು ಹೂಂ ಎಂದು ಒಳಗೆ ಬಂದೆ.

ದಿನ ಕಳೆದವು. ನಮ್ಮ ತೋಟದ ಸೊಪ್ಪು ಕೊಯ್ಯದೆ ನಿಂತೇ ಇತ್ತು, ನಮ್ಮ ಮನೆಯಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡೂ ಹೋಗಲಿಲ್ಲ. ಹುಳು ಇರಲಿಲ್ಲವೆಂದು ಎಲ್ಲರಿಗೂ ಖಾತ್ರಿಯಾಯಿತು. ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಅದರ ಬದಲು, ಹುಳು ಅಲ್ಲದಿದ್ದರೆ ಆ ಬಿಸಿ ಏನಕ್ಕೆ ಎಂಬ ಮಾತು ಹುಟ್ಟಿಕೊಂಡಿತು. ನಾನು ಕರೆಂಟಿನಲ್ಲಿ ಕೋಳಿ ಮೊಟ್ಟೆಗೆ ಕಾವು ಕೊಡುತ್ತಿದ್ದೇನೆ ಎಂದು ಒಬ್ಬರು, ಮಗ ಯಾವುದೋ ಪೌಡರು ಒಣಗಿಸುತ್ತಿದ್ದಾನೆ ಎಂದು ಇನ್ನೊಬ್ಬರು. ಮಗ ಕೆಲವು ದಿನ ನನ್ನ ಮೇಲೆ ಮುನಿಸಿಕೊಂಡಿದ್ದ. ನಾನು ಡೈರಿಗೆ ಹಾಲು ಹಾಕಲು ಹೋದಾಗ ಹೆಂಗಸರ ಮಾತು ನಿಲ್ಲುತ್ತಿತ್ತು. ಒಳಗೆ ಮಗು ಚಮಚ ಬಿಟ್ಟು ಎದೆ ಹಿಡಿದು ಕುಡಿಯಲು ಕಲಿಯಿತು. ಕೆನ್ನೆ ತುಂಬಿತು. ಅಳು ಬೀದಿಗೆ ಕೇಳುವಷ್ಟಾಯಿತು. ಯಾರೂ ಬಂದು ಕೇಳಲಿಲ್ಲ.

ಡಾಕ್ಟರಮ್ಮ ಇನ್ನು ಹೆದರಿಕೆ ಇಲ್ಲ ಎಂದ ಮೇಲೆ ಮಗಳು ತಾನೇ ತಲೆ ಬಾಚಿಕೊಂಡು, ಕುಂಕುಮದ ಬಟ್ಟಲು ಹಿಡಿದು, ಮಗುವನ್ನು ಎತ್ತಿಕೊಂಡು ಬೀದಿಗೆ ಇಳಿದಳು. ನಾಮಕರಣಕ್ಕೆ ಕರೆಯಲು ಸಾಮಾನ್ಯವಾಗಿ ಬಾಣಂತಿ ಹೋಗುವುದಿಲ್ಲ, ಮನೆಯ ಬೇರೆ ಹೆಂಗಸರು ಹೋಗುತ್ತಾರೆ. ಅವಳು ಕೇಳಲಿಲ್ಲ. ನಾನು ಹಿಂದೆ ಹಿಂದೆ ಹೋದೆ. ಪ್ರತಿ ಬಾಗಿಲಲ್ಲೂ ಒಂದೇ ಮಾತು: "ನನಗೆ ಹೆಣ್ಣು ಮಗು ಆಗಿದೆ, ನಾಮಕರಣಕ್ಕೆ ಬನ್ನಿ." ವದಿನ ಗಲ್ಲದ ಮೇಲೆ ಕೈ ಇಟ್ಟುಕೊಂಡು, "ಅಬ್ಬೊ, ನಂಗೆ ಗೊತ್ತೇ ಇಲ್ವಲ್ಲೇ!" ಎಂದಳು. ಅವಳ ನಟನೆ ಅಷ್ಟೇನೂ ಚೆನ್ನಾಗಿರಲಿಲ್ಲ.

ಅಧ್ಯಕ್ಷರು ಜಗಲಿಯ ಮೇಲೆ ಕೂತು ಪೇಪರು ಓದುತ್ತಿದ್ದರು. ಮಗುವನ್ನು ನೋಡಿದರು, ನನ್ನನ್ನು ನೋಡಿದರು. ಪೇಪರು ಮಡಿಸಿಟ್ಟು ಎದ್ದು ನಿಂತು, "ಹೆಸರೇನಿಡ್ತೀಯಮ್ಮ?" ಎಂದರು.

"ಅದನ್ನ ಅವತ್ತು ಹೇಳ್ತೀನಿ ಚಿಕ್ಕಪ್ಪ," ಎಂದಳು ಮಗಳು.

"ಆಯ್ತಮ್ಮ. ಅವತ್ತೇ ಕೇಳ್ತೀವಿ" ಎಂದರು.